ಐದನೇ ರೀಲು ಕೊನೆಗೆ ಬಂದಾಗ

ಬಿ.ಎ.ಯ ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ನಾನು, ಮೂರು ವರ್ಷ ನಾಲ್ಕು ತಾಲ್ಲೂಕಿನ ಜನಕ್ಕೆ ಇಂಗ್ಲಿಷ್ ಸಿನಿಮಾ ಅರ್ಥ ಮಾಡಿಸಿದವನು. ಇದನ್ನು ನಾಚಿಕೆಯಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಜಂಬದಿಂದಲೇ ಹೇಳುತ್ತಿದ್ದೇನೆ. ಪಾಸಾದವರಲ್ಲಿ ಎಷ್ಟು ಜನ ನೆಲದ ಮೇಲೆ ಕೂತ ನಾನೂರು ಮಂದಿಯನ್ನು ಇಂಗ್ಲಿಷಿನಲ್ಲಿ ಅಳಿಸಿ ನಗಿಸಿದ್ದಾರೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ನಾನು ಮಾಡಿದ್ದೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಕೆಲಸಕ್ಕಿದ್ದದ್ದು ಒಂದು ಟೂರಿಂಗ್ ಟಾಕೀಸಿನಲ್ಲಿ. ಪಾಂಡವಪುರದ ಕಡೆ ಸ್ವಲ್ಪ ಕಾಲ, ಆಮೇಲೆ ಗೂಟ ಕಿತ್ತು ನಾಗಮಂಗಲ, ಅಲ್ಲಿಂದ ಶ್ರೀರಂಗಪಟ್ಟಣದ ಹಳ್ಳಿಗಳು, ಕೊನೆಗೆ ಕೆ.ಆರ್. ಪೇಟೆ. ಜೀಪಿನಲ್ಲಿ ಮೈಕು ಕಟ್ಟಿಕೊಂಡು ಊರೂರು ಸುತ್ತಿ 'ಇಂದಿನಿಂದ ನಿಮ್ಮ ಮೆಚ್ಚಿನ ಟೆಂಟಿನಲ್ಲಿ' ಎಂದು ಕೂಗುವುದು ನನ್ನ ಕೆಲಸ. ಆದರೆ ಹೊಸ ಕನ್ನಡ ಸಿನಿಮಾ ನಮ್ಮ ಟೆಂಟಿನವರೆಗೆ ಬರುವಷ್ಟರಲ್ಲಿ ಜನ ಅದನ್ನು ಮೈಸೂರಿಗೆ ಹೋಗಿ ನೋಡಿ, ಅದರ ಹಾಡು ಹಾಡಿಕೊಂಡು ಗದ್ದೆಗೆ ನೀರು ಕಟ್ಟುತ್ತಿರುತ್ತಿದ್ದರು. ಹಾಗಾಗಿ ನಮ್ಮ ಮಾಲೀಕರು ಇಂಗ್ಲಿಷ್ ಸಿನಿಮಾದ ಪೆಟ್ಟಿಗೆಗಳನ್ನು ತರಿಸಲು ಶುರುಮಾಡಿದರು. ಅದರಲ್ಲೂ ಮುಖವಾಡ ಹಾಕಿಕೊಂಡು, ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಹಾರಾಡುವವರ ಸಿನಿಮಾಗಳು. ಬೇರೆ ಭಾಷೆಯ ಚಿತ್ರಕ್ಕೆ ಕನ್ನಡದ ಮಾತು ಕೂಡಿಸಿ ತೋರಿಸುವ ಪದ್ಧತಿ ಆಗ ನಮ್ಮಲ್ಲಿ ಇರಲಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಹೇಳಬೇಕಿತ್ತು. ಮೈಕು ಹೇಗೂ ನನ್ನ ಕೈಯಲ್ಲೇ ಇತ್ತು.

ಮಿಷನ್ ರೂಮಿನ ತಗಡಿನ ಗೋಡೆಗೆ ಒತ್ತಿಕೊಂಡು ನನ್ನ ಸ್ಟೂಲು. ಒಳಗೆ ಆಪರೇಟರು. ನನಗಿಂತ ಮೂವತ್ತು ವರ್ಷ ದೊಡ್ಡವರು, ಶೀಳನೆರೆ ಕಡೆಯ ಒಕ್ಕಲು ಮನೆತನದವರು. ಜಮೀನನ್ನು ತಮ್ಮಂದಿರಿಗೆ ಬಿಟ್ಟು, ಪ್ರೊಜೆಕ್ಟರನ್ನು ಹಸುವಿನಂತೆ ಸಾಕಿಕೊಂಡಿದ್ದರು. ಒಂದೇ ಪ್ರೊಜೆಕ್ಟರ್ ಆದ್ದರಿಂದ ಒಂದೊಂದು ರೀಲು ಮುಗಿದಾಗಲೂ ಆಟ ನಿಲ್ಲುತ್ತಿತ್ತು. ಅವರು ರೀಲು ಬದಲಿಸುವಷ್ಟು ಹೊತ್ತು ಜನರನ್ನು ಮಾತಿನಲ್ಲಿ ಹಿಡಿದು ಕೂರಿಸುವುದೂ ನನ್ನ ಪಾಲಿನದೇ. ಮಾತಾಡಿ ಮುಗಿಸಿದ ತಕ್ಷಣ ಒಳಗಿಂದ ಅವರ ಬೈಗುಳ ಕೇಳಿಸುತ್ತಿತ್ತು.

"ಏನ್ಲಾ ಅದು, ಒಂದೇ ಕೈಲಿ ರೈಲು ಎತ್ಬುಟ್ಟ ಅಂದೆ? ಅವ್ನ ಸೊಂಟ ಏನಾಯ್ತು ಅಂತ ಯೋಳ್ನಿಲ್ವಲ್ಲ?"

"ಸೊಂಟಕ್ಕೇನೂ ಆಗಕ್ಕಿಲ್ಲ ಕಣಣ್ಣ, ಅವ್ನು ಸೂಪರ್‌ಹೀರೋ."

"ಅಂಗಾದ್ರೆ ಅವ್ನು ಗೆದ್ರೆ ಏನ್ ಬಂತು? ನೋವಾಗ್ದೋನು ಗೆದ್ರೆ ಅದೂ ಒಂದು ಗೆಲುವಾ?"

ಈ ಜಗಳ ಮೂರು ವರ್ಷ ನಡೆಯಿತು. ನನ್ನ ಪಾಂಡಿತ್ಯವೆಲ್ಲ ಚಿತ್ರಕತೆಯ, ಅಂದರೆ ಕಾಮಿಕ್ಸ್ ಪುಸ್ತಕಗಳದ್ದು. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಪಕ್ಕದ ಒಂದು ಪೆಟ್ಟಿಗೆ ಅಂಗಡಿಯಲ್ಲಿ ಅವನ್ನು ಬಾಡಿಗೆಗೆ ಕೊಡುತ್ತಿದ್ದರು. ಮನೆಗೆ ಒಯ್ಯುವ ಹಾಗಿಲ್ಲ, ಅಲ್ಲೇ ಬೆಂಚಿನ ಮೇಲೆ ಕೂತು ಓದಿ ಕೊಡಬೇಕು. ಕಾಲೇಜು ಬಿಟ್ಟು ಬಸ್ಸು ಬರುವವರೆಗೆ ಕೂತು ಓದಿದ್ದೇ ನನ್ನ ನಿಜವಾದ ಡಿಗ್ರಿ. ಅಲ್ಲಿ ಒಂದು ಚೌಕದಲ್ಲಿ ವೀರ ಕಟ್ಟಡದ ಮೇಲಿರುತ್ತಾನೆ, ಮುಂದಿನ ಚೌಕದಲ್ಲಿ ಖಳನ ದವಡೆಯ ಮೇಲೆ ಅವನ ಮುಷ್ಟಿ ಇರುತ್ತದೆ. ಮಧ್ಯದ ಬಿಳಿ ಗೆರೆಯಲ್ಲಿ ಏನಾಯಿತು, ಮೆಟ್ಟಿಲು ಇಳಿದನೋ ಜಾರಿ ಬಿದ್ದನೋ ಎಂದು ಕೇಳಬಾರದು. ಕೇಳಿದವನಿಗೆ ಕತೆ ದಕ್ಕುವುದಿಲ್ಲ. ಇದನ್ನು ಒಂದು ಸಲ ಆಪರೇಟರಿಗೆ ವಿವರಿಸಿ ಹೇಳಿದೆ.

ಅವರು ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ಒರೆಸುತ್ತಾ, "ಆ ಬಿಳೀ ಗೆರೆ ಒಳಗೇ ಕಣ್ಲಾ ಮನುಷ್ಯ ಬದುಕಾದು" ಎಂದರು. ನನಗೆ ಸಿಟ್ಟು ಬಂತು, ಹೋಗಿ ಟೀ ಕುಡಿದು ಬಂದೆ.

ಅವರ ಹಟಕ್ಕೂ ಒಂದು ಕಾರಣವಿತ್ತು. ಅವರ ತಂದೆ ಊರಿನ ಪೌರಾಣಿಕ ನಾಟಕದಲ್ಲಿ ಆಕಾಶದಿಂದ ಇಳಿದು ಬರುವ ದೇವರ ಪಾರ್ಟು ಮಾಡುತ್ತಿದ್ದರಂತೆ. ಒಂದು ವರ್ಷ ರಾಟೆ ಸಿಕ್ಕಿಕೊಂಡು ಕಿರೀಟದ ಸಮೇತ ಮಧ್ಯದಲ್ಲೇ ನೇತಾಡಿದರಂತೆ. ಕೆಳಗಿಂದ ಯಾರೋ ಕೋಲಿಗೆ ಚೊಂಬು ಕಟ್ಟಿ ನೀರು ಕೊಟ್ಟರಂತೆ. "ಅವತ್ತಿಂದ ನಮ್ಮಪ್ಪಂಗೆ ಊರಲ್ಲಿ ಮರ್ವಾದೆ ಜಾಸ್ತಿ ಆಯ್ತು. ದೇವ್ರಿಗೂ ಬಾಯಾರ್ತದೆ ಅಂತ ಜನಕ್ಕೆ ಗೊತ್ತಾಯ್ತಲ್ಲ" ಎನ್ನುತ್ತಿದ್ದರು. ಅದಕ್ಕೇ ಹಾರುವವನ ಬಟ್ಟೆ ಒಗೆಯುವವರು ಯಾರು, ಅವನಿಗೆ ರಜಾ ಕೊಡುವವರು ಯಾರು ಎಂಬ ಪ್ರಶ್ನೆಗಳನ್ನು ಅವರು ಬಿಡುತ್ತಿರಲಿಲ್ಲ.

ಅವರ ಕಾಟ ತಡೆಯಲಾರದೆ ನಾಗಮಂಗಲದಲ್ಲಿ ಒಂದು ದಿನ ಅವರ ದಾರಿಯನ್ನೇ ಹಿಡಿದೆ. ನಾಯಕ ಮಹಡಿಯಿಂದ ಹಾರಿದ ಕೂಡಲೇ ಮೈಕಿನಲ್ಲಿ, ಇದು ತಂತಿ ಕಟ್ಟಿ ತೆಗೆದದ್ದು, ಹಿಂದಿನ ಆಕಾಶ ಬೇರೆ ಫೋಟೋ, ಅವನು ನಿಂತಿರುವುದು ಸ್ಟೂಲಿನ ಮೇಲೆ ಎಂದೆಲ್ಲ ಇದ್ದದ್ದನ್ನು ಇದ್ದಂತೆ ಹೇಳಿದೆ. ಮರುಕ್ಷಣ ಕಡಲೆಕಾಯಿ ಸಿಪ್ಪೆ, ಮರಳು, ಒಂದು ಚಪ್ಪಲಿ ನನ್ನ ಕಡೆ ಬಂದವು. "ತಂತಿ ಇರಾದು ನಮ್ಗೂ ಗೊತ್ತು ಕಣ್ಲಾ! ಅದ್ನ ಯೋಳಾಕೆ ನೀನ್ಯಾವೋನ್ಲಾ?" ಎಂದು ಒಬ್ಬರು ಎದ್ದು ನಿಂತು ಕೇಳಿದರು. ನಾಗಮಂಗಲದವರಿಗೆ ಅವತ್ತಿನಿಂದ ನಾನು ಋಣಿ. ಅವರು ಹೊಡೆದ ಚಪ್ಪಲಿಯಷ್ಟು ನೇರವಾಗಿ ಯಾವ ಮೇಷ್ಟರೂ ನನಗೆ ಪಾಠ ಹೇಳಿಲ್ಲ.

ಶ್ರೀರಂಗಪಟ್ಟಣದಲ್ಲಿ ಅದರ ಉಲ್ಟಾ ಆಯಿತು. ಹುಮ್ಮಸ್ಸಿನಲ್ಲಿ ಹಾರುವವನನ್ನು ಕಾವೇರಿ ದಾಟಿಸಿ, ಚಾಮುಂಡಿ ಬೆಟ್ಟದ ಮೇಲೆ ಕೂರಿಸಿ ಎಳನೀರು ಕುಡಿಸಿಬಿಟ್ಟೆ. ಮೈಸೂರಿನಲ್ಲಿ ಓದುವ ಹುಡುಗರು ಬಿದ್ದು ಬಿದ್ದು ನಕ್ಕರು. ನಗು ಬಂದದ್ದು ಸಂತೋಷವೇ, ಆದರೆ ಅದು ನನ್ನನ್ನು ನೋಡಿ ನಕ್ಕ ನಗು. ಒಳಗಿಂದ ಆಪರೇಟರು ಏನೂ ಬೈಯಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಇಷ್ಟರಲ್ಲಿ ನನಗೆ ಒಂದು ವಿಷಯ ಗೊತ್ತಾಗಿತ್ತು. ಆಪರೇಟರ ಕಣ್ಣು ಮಂಜಾಗುತ್ತಿತ್ತು. ಫಿಲಂ ಸುತ್ತುವಾಗ ಅವರು ನೋಡುತ್ತಿರಲಿಲ್ಲ, ಹೆಬ್ಬೆರಳಿನಲ್ಲಿ ಅಂಚಿನ ತೂತುಗಳನ್ನು ಸವರಿ ಸವರಿ ಹಾಕುತ್ತಿದ್ದರು. ಪೇಪರು ಬಂದರೆ "ನಂಗೆ ಬ್ಯಾಡ, ನೀನೇ ಓದಿ ಯೋಳು" ಎನ್ನುತ್ತಿದ್ದರು. ಅದೇ ವರ್ಷ ಅವರಿಂದ ಎರಡು ತಪ್ಪು ನಡೆದಿದ್ದವು. ಒಮ್ಮೆ ರೀಲು ತಲೆಕೆಳಗಾಗಿ ಹೋಗಿ ನಾಯಕ ನಾಯಕಿ ಬಾವಲಿಗಳಂತೆ ನೇತಾಡಿದರು. ಇನ್ನೊಮ್ಮೆ ಅರ್ಧ ಆಟ ಮಸುಕಾಗಿಯೇ ಓಡಿ, ಪಾಂಡವಪುರದ ಕಾರ್ಖಾನೆ ಕೆಲಸದವರು "ಫೋಕಸ್ಸು! ಫೋಕಸ್ಸು!" ಎಂದು ಬೆಂಚು ಬಡಿದರು. ಮಾಲೀಕರು ಕೂಗಾಡುವ ಜನವಲ್ಲ. ಮೆಲ್ಲಗೆ, "ಮೂರ್ನೇದು ಆಗ್ಬಾರ್ದು. ನನ್ ತಂಗಿ ಮಗ ಆಪರೇಟರ್ ಲೈಸೆನ್ಸ್ ತಗಂಡು ಕೂತವ್ನೆ" ಎಂದಷ್ಟೇ ಹೇಳಿ ಹೋದರು.

"ಕಣ್ಣು ತೋರಿಸ್ಕಳಣ್ಣ" ಎಂದೆ.

"ಡಾಕ್ಟ್ರು ಕಾಣಕ್ಕಿಲ್ಲ ಅಂದ್ಬುಟ್ರೆ? ಈಗಾದ್ರೆ ನಂಗೊಬ್ಬಂಗೇ ಗೊತ್ತು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಂಗೂ ಗೊತ್ತಾಯ್ತು. ಯಾರ್ಗೂ ಯೋಳ್ಬೇಡ ಕಣ್ಲಾ" ಎಂದರು. ಮೂವತ್ತು ವರ್ಷ ಬೆಳಕನ್ನು ಬಟ್ಟೆಯ ಮೇಲೆ ಹಾಕಿ ಬದುಕಿದವರು ಹಾಗೆ ಕೇಳಿದಾಗ ಇಲ್ಲವೆನ್ನಲು ಆಗಲಿಲ್ಲ.

ಟೆಂಟು ಶೀಳನೆರೆಯ ಹತ್ತಿರ ಇದ್ದಾಗ ಒಂದು ಸಿನಿಮಾ ಬಂತು. ಅದರ ನಾಯಕ ಹಗಲು ಪೋಸ್ಟಾಫೀಸಿನಲ್ಲಿ ಕಾಗದ ವಿಂಗಡಿಸುವವನು, ಕಷ್ಟ ಬಂದಾಗ ಹಸಿರು ಬಟ್ಟೆ ತೊಟ್ಟು ಹಾರುವವನು. ಪಾಂಡವಪುರದ ಕಡೆಯ ಇನ್ನೊಂದು ಟೆಂಟಿಗೂ ನಮಗೂ ಸೇರಿ ಒಂದೇ ಪ್ರಿಂಟು. ಅಲ್ಲಿ ಆಟ ಬೇಗ ಶುರು, ಇಲ್ಲಿ ತಡ. ಅಲ್ಲಿ ಮುಗಿದ ರೀಲುಗಳನ್ನು ಒಬ್ಬರು ಗೋಣಿಚೀಲದಲ್ಲಿ ಹಾಕಿಕೊಂಡು ಮೊಪೆಡ್ಡಿನಲ್ಲಿ ತಂದುಕೊಡುತ್ತಿದ್ದರು. ಆರು ರೀಲಿನ ಸಿನಿಮಾ. ಐದನೆಯದರಲ್ಲಿ ನಾಯಕನ ಶಕ್ತಿಯೆಲ್ಲ ಹೋಗಿ ಹಾಸಿಗೆ ಹಿಡಿಯುತ್ತಾನೆ, ತಾಯಿ ಬಂದು ಆರೈಕೆ ಮಾಡುತ್ತಾಳೆ. ಆರನೆಯದರಲ್ಲಿ ಎದ್ದು ಬಂದು, ಮುರಿಯುವ ಸೇತುವೆಯನ್ನು ಹೆಗಲಲ್ಲಿ ಹೊತ್ತು ಊರು ಉಳಿಸುತ್ತಾನೆ.

ಮೂರನೇ ದಿನದ ಆಟ. ಕೊನೆಯ ಎರಡು ಡಬ್ಬಿಗಳು ಒಂದೇ ಚೀಲದಲ್ಲಿ ಬಂದವು. ಡಬ್ಬಿಯ ಮೇಲೆ ಬಣ್ಣದಲ್ಲಿ ಬರೆದ ಇಂಗ್ಲಿಷ್ ಅಂಕಿಗಳು. ಐದೂ ಆರೂ ಮಂಜುಗಣ್ಣಿಗೆ ಒಂದೇ. ನಾನು ಜನರ ಜೊತೆ ಮಾತಾಡುತ್ತಾ ಕೂತಿದ್ದೆ. ದೀಪ ಆರಿತು, ಪರದೆ ಬೆಳಗಿತು, ನೋಡಿದರೆ ಸೇತುವೆ ಮುರಿಯುತ್ತಿದೆ. ಹಾಸಿಗೆಯೇ ಇಲ್ಲ, ತಾಯಿಯೂ ಇಲ್ಲ. ನೇರ ಕೊನೆಯ ಹೊಡೆದಾಟ. ತಿರುಗಿ ನೋಡಿದೆ. ಹಿಂದೆ ಕುರ್ಚಿಯಲ್ಲಿ ಮಾಲೀಕರು ತಮ್ಮ ತಾಯಿಯನ್ನು ಕರೆದುಕೊಂಡು ಬಂದು ಕೂತಿದ್ದರು. ಅವರಿಬ್ಬರೂ ಆ ಸಿನಿಮಾ ನೋಡುತ್ತಿದ್ದದ್ದು ಅದೇ ಮೊದಲು.

ತಗಡಿಗೆ ಮೆಲ್ಲಗೆ ಬಡಿದು, "ಅಣ್ಣ, ಆರು ಹಾಕ್ಬುಟ್ಟಿದ್ದೀಯ" ಎಂದೆ. ಒಳಗಿಂದ, "ನಿಲ್ಲುಸ್ಬುಡ್ಲಾ?" ಎಂಬ ದನಿ ಬಂತು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಓಡ್ಲಿ ಬುಡು" ಎಂದೆ.

ಮೈಕಿನಲ್ಲಿ ಶುರುಮಾಡಿದೆ. ಚಿತ್ರಕತೆಯ ಪುಸ್ತಕಗಳು ಕಲಿಸಿದ್ದೆಲ್ಲ ಅವತ್ತು ಕೈಹಿಡಿಯಿತು. ಒಂದು ಚೌಕದಿಂದ ಇನ್ನೊಂದಕ್ಕೆ ನೆಗೆಯುವುದು ನನಗೆ ಹೊಸದಲ್ಲವಲ್ಲ. "ನೋಡ್ರಪ್ಪಾ, ಖಳ ಟೈಮೇ ಕೊಡ್ನಿಲ್ಲ, ಸೇತುವೆಗೇ ಕೈ ಹಾಕ್ದ. ನಮ್ಮೋನು ಪೋಸ್ಟಾಫೀಸಲ್ಲಿ ಮುದ್ರೆ ಒತ್ತಾದ್ನ ಬುಟ್ಟು ಓಡ್ ಬಂದ! ಹಿಡ್ದ! ಹೆಗ್ಲು ಕೊಟ್ಟ!" ಜನ ಶಿಳ್ಳೆ ಹೊಡೆದರು. ಸೇತುವೆ ನಿಂತಿತು, ಖಳ ನೀರಿಗೆ ಬಿದ್ದ, ಪರದೆಯ ಮೇಲೆ ಮುಕ್ತಾಯ ಎಂದು ಇಂಗ್ಲಿಷ್ ಅಕ್ಷರಗಳು ಬಂದವು. ಜನ ಏಳುವುದರೊಳಗೆ, "ಯಾರೂ ಏಳ್ಬೇಡಿ! ಸ್ವಲ್ಪ ಕೂತಿರಿ ಅಂತ ಬರ್ದವ್ರೆ!" ಎಂದು ಕೂಗಿದೆ. ಇಂಗ್ಲಿಷಿನಲ್ಲಿ ಫೇಲಾದವನಿಗೆ ಮಾತ್ರ ಬರುವ ಧೈರ್ಯ ಅದು. ಎದ್ದವರು ಮತ್ತೆ ಕೂತರು.

ಐದನೇ ರೀಲು ಏರಿತು. ನಾಯಕ ಹಾಸಿಗೆಯಲ್ಲಿ, ಮುಖ ಸುಟ್ಟ ಬದನೆಕಾಯಿ. ಈಗೇನು ಹೇಳುವುದು? ಹಾರಿಸುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಆಗ ಆಪರೇಟರ ಪ್ರಶ್ನೆಗಳೆಲ್ಲ ಸಾಲಾಗಿ ನೆನಪಿಗೆ ಬಂದವು. ಸೊಂಟ ಏನಾಯಿತು, ಬಟ್ಟೆ ಯಾರು ಒಗೆದರು, ರಜಾ ಯಾರು ಕೊಟ್ಟರು. ದನಿ ಇಳಿಸಿ ಹೇಳಿದೆ. "ಗೆದ್ದು ಮನೇಗ್ ಬಂದ. ಸೇತುವೆ ಹೊತ್ತ ಹೆಗ್ಲು ಈಗ ನೋಯ್ತಾ ಅದೆ. ಊರೋರೆಲ್ಲ ಜೈಕಾರ ಹಾಕ್ಬುಟ್ಟು ಅವ್ರವ್ರ ಮನೇಗ್ ಹೋದ್ರು. ಇವ್ನ ಬೆನ್ನಿಗೆ ಎಣ್ಣೆ ತಿಕ್ಕಾಕೆ ಇರೋಳು ಅವ್ವ ಒಬ್ಳೇ." ತಾಯಿ ಅವನ ಹಣೆ ಒರೆಸಿದಳು. ಹಿಂದಿನಿಂದ ಮಾಲೀಕರ ತಾಯಿ, "ಅಯ್ಯೋ ನನ್ ಕಂದಾ, ಗೆದ್ರೂವೆ ಇಂಗಾಯ್ತಲ್ಲೋ" ಎಂದು ಅತ್ತರು. ರೀಲು ಮುಗಿದು ದೀಪ ಬಂದಾಗ ಜನ ಸೆರಗಿನಲ್ಲಿ, ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಎದ್ದರು. ಮಾಲೀಕರು ನನ್ನ ಬೆನ್ನು ತಟ್ಟಿ ಹೋದರು. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ನಾನು ಬೀಗುತ್ತಾ ಒಳಗೆ ಹೋದರೆ ಆಪರೇಟರು ಡಬ್ಬಿಯನ್ನು ಮುಖಕ್ಕೆ ಹತ್ತಿರ ಹಿಡಿದು ಅಂಕಿಯನ್ನು ಬೆರಳಿನಲ್ಲಿ ಸವರುತ್ತಿದ್ದರು.

ಬೆಳಿಗ್ಗೆ ಎದ್ದವರೇ, "ನಡೀಲಾ, ಮಾಲೀಕ್ರ ತಾವ್ಕೆ" ಎಂದರು. ಎಷ್ಟು ಕೂಗಾಡಿದೆ! ಗೆದ್ದಾಗಿದೆ, ಯಾರಿಗೂ ಗೊತ್ತಿಲ್ಲ, ಇದೆಂಥ ಹುಚ್ಚು, ಹೋಗಿ ಕೈಯಾರೆ ಕುತ್ತಿಗೆ ಕೊಡುತ್ತೀಯಾ ಎಂದೆಲ್ಲ ಹೇಳಿದೆ. ಅವರು ಅಂಗಿ ಗುಂಡಿ ಹಾಕಿಕೊಂಡು ನಡೆದೇಬಿಟ್ಟರು. ನಾನೂ ಹಿಂದೆ ಹೋದೆ.

ಮಾಲೀಕರ ರೈಸ್‌ಮಿಲ್ಲಿನ ಜಗಲಿಯ ಮೇಲೆ ನಿಂತು, "ಮೂರ್ನೇ ತಪ್ಪು ನೆನ್ನೆ ಆಯ್ತು ಸಾಮಿ. ಕೊನೇದು ಮೊದ್ಲು ಹಾಕ್ದೆ. ಕಣ್ಣು ಕಾಣಕ್ಕಿಲ್ಲ" ಎಂದರು. ಒಂದೇ ಉಸಿರಿನಲ್ಲಿ, ಮುಖ ಎತ್ತಿಕೊಂಡೇ ಹೇಳಿದರು. ಅಂಥ ಮನುಷ್ಯನ ಪಕ್ಕದಲ್ಲಿ ನಿಂತಿದ್ದೇನೆ ಎಂದು ನನ್ನ ಎದೆ ಉಬ್ಬಿತು. ಸುಳ್ಳು ಹೇಳಿ ಗೆದ್ದ ರಾತ್ರಿಗಿಂತ ಆ ಬೆಳಿಗ್ಗೆ ನನಗೆ ಹೆಚ್ಚು ಹೆಮ್ಮೆಯದು.

ಮಾಲೀಕರು ನನ್ನನ್ನು ನೋಡಿದರು. "ನಿಂಗ್ ಗೊತ್ತಿತ್ತೇನ್ಲಾ?"

"ಗೊತ್ತಿತ್ತು."

"ನಮ್ಮವ್ವ ಬೆಳಿಗ್ಗೆ ಎದ್ದು ರೊಟ್ಟಿ ತಟ್ತಾನೂ ಅಳ್ತಾವ್ಳೆ. ಅಂಗಾರೆ ಅದು ಕತೇನೇ ಅಲ್ವಾ?" ಎಂದು ಹುಬ್ಬು ಗಂಟಿಕ್ಕಿದರು. ಆಮೇಲೆ ತೀರ್ಪು ಕೊಟ್ಟರು. ಮುಂದೆ ಕೆ.ಆರ್. ಪೇಟೆಯಲ್ಲೂ ಈ ಸಿನಿಮಾ ಹೀಗೇ ಓಡಬೇಕು, ಐದು ಕೊನೆಗೆ. ಆಪರೇಟರು ಪೇಟೆಯಲ್ಲಿ ನಡೆಯುವ ಕಣ್ಣಿನ ಶಿಬಿರಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಬೇಕು. "ಕಣ್ಣು ಬಂದ್ರೆ ಮಿಷನ್ನು ನಿಂದು. ಬರ್ನಿಲ್ಲ ಅಂದ್ರೆ ನನ್ ತಂಗಿ ಮಗಂದು. ಆಮೇಲೆ ನನ್ನ ಬೈಕೋಬ್ಯಾಡ."

ಆಪರೇಷನ್ ಆಯಿತು. ಒಂದು ಕಣ್ಣಿಗೆ ದಪ್ಪ ಪಟ್ಟಿ, ಇನ್ನೊಂದು ಮೊದಲಿನಷ್ಟೇ ಮಂಜು. ಕಣ್ಣು ಸರಿಹೋಗುವವರೆಗೆ ಮಿಷನ್ ನಾನು ನಡೆಸಬೇಕಾಯಿತು. ಅವರ ಕೈಯನ್ನು ಮೂರು ವರ್ಷ ನೋಡಿ ನೋಡಿ ನನಗೂ ಅಷ್ಟಿಷ್ಟು ಬಂದಿತ್ತು. ಆದರೆ ಮೈಕು ಯಾರು ಹಿಡಿಯುವುದು? "ಮನೇಲಿ ಕೂತು ಏನ್ ಮಾಡ್ಲಿ, ನಾನೇ ಕೂತ್ಕತೀನಿ" ಎಂದರು. ಧೂಳು ಬೇಡ ಎಂದು ಡಾಕ್ಟರು ಹೇಳಿದ್ದರು. ಅವರು ಕೇಳಲಿಲ್ಲ. ಪರದೆ ಅವರಿಗೆ ಬರೀ ಬೆಳಕಿನ ಚೌಕ. ಸಿನಿಮಾ ಬಾಯಿಪಾಠ ಆಗಿತ್ತು, ಸದ್ದು ಕೇಳಿ ಹೇಳುತ್ತೇನೆ ಎಂದರು.

ಪಟ್ಟಿ ಬಿಚ್ಚುವ ಹಿಂದಿನ ದಿನ ಕೆ.ಆರ್. ಪೇಟೆಯಲ್ಲಿ ಟೆಂಟು ತುಂಬಿತ್ತು. ನಾಲ್ಕು ರೀಲು ಅವರು ಒಣಒಣವಾಗಿ ಹೇಳಿದರು. "ಈಗ ಆಕಾಸ್ದಲ್ಲಿ ಆರ್ತಾವ್ನೆ. ಎಂಗೆ ಅಂತ ನನ್ ಕೇಳ್ಬೇಡಿ" ಎಂದು ಒಮ್ಮೆ ಹೇಳಿದ್ದಕ್ಕೆ ಜನ ನಕ್ಕರು. ಸೇತುವೆಯೂ ಮುಗಿಯಿತು. ನಾನು ಒಳಗೆ ಬೆವರುತ್ತಾ ಐದನೆಯದನ್ನು ಏರಿಸಿದೆ. ತಗಡಿನ ಆಚೆಯಿಂದ, ಸ್ಪೀಕರಿನಿಂದ, ಎರಡೂ ಕಡೆಯಿಂದ ಅವರ ದನಿ ಕೇಳುತ್ತಿತ್ತು.

"ಮಲಗವ್ನೆ. ಹೆಗ್ಲು ನೋವು ಅಂತ ನಮ್ ಹುಡ್ಗ ಯೋಳ್ತಾನೆ. ಅದೂ ಅದೆ. ಆದ್ರೆ ಇವ್ನಿಗೆ ಕಣ್ಣು ಕಾಣಕ್ಕಿಲ್ಲ ಕಣ್ರಪ್ಪ. ಸುಮಾರು ದಿನ ಆಯ್ತು. ಯಾರ್ಗೂ ಯೋಳಿಲ್ಲ. ಎಂಗ್ ಯೋಳಾನು? ಆರೋನು ಅಂತ ಊರೆಲ್ಲಾ ನಂಬ್ಕಂಡು ಕೂತದೆ. ಹಳೇ ಗ್ಯಾನದ್ ಮೇಲೇ ಆರ್ತಿದ್ದ. ಸೇತ್ವೆ ಎಲ್ಲದೆ ಅಂತ ಕೈಯಲ್ಲಿ ತಡವ್ಕಂಡೇ ಹಿಡ್ದ. ನಿಮ್ಗೆ ಗೊತ್ತಾಗ್ನಿಲ್ಲ."

ನಾನು ಕಿಂಡಿಯಿಂದ ನೋಡಿದೆ. ನಾನೂರು ಜನ ಪರದೆ ಬಿಟ್ಟು, ಕತ್ತು ತಿರುಗಿಸಿ, ಸ್ಟೂಲಿನ ಮೇಲೆ ಪಟ್ಟಿ ಕಟ್ಟಿಕೊಂಡು ಕೂತ ಆ ಮನುಷ್ಯನನ್ನು ನೋಡುತ್ತಿದ್ದರು. ನೆಲದಲ್ಲಿ ಕೂತಿದ್ದ ಒಬ್ಬರು ಕೇಳಿದರು, "ಮತ್ತೆ ಆರ್ತಾನಾ ಯಜಮಾನ?"

"ನಾಳೀಕೆ ಪಟ್ಟಿ ಬಿಚ್ತಾರೆ" ಎಂದರು. ಮೈಕನ್ನು ಬಾಯಿಗೆ ಹತ್ತಿರ ತಂದು, "ಆರ್ತಾನೆ ಬುಡಿ" ಎಂದರು. ಚಪ್ಪಾಳೆ ಬಿತ್ತು ಅಂದರೆ ಸಾಲದು. ಟೆಂಟಿನ ಕಂಬ ಅಲ್ಲಾಡಿತು. ನಾನು ಅಳುತ್ತಿದ್ದೆ, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಮೂರು ವರ್ಷದಲ್ಲಿ ನಾನು ಹೇಳಿದ ಎಲ್ಲ ಕತೆಗಿಂತ ಅದು ಮೇಲಿತ್ತು, ಮತ್ತು ಅದು ನಮ್ಮ ಮೈಕಿನಿಂದ ಬಂದ ಕತೆ.

ಪಟ್ಟಿ ಬಿಚ್ಚಿದರು. ನಾಲ್ಕು ವಾರದ ಮೇಲೆ ಸೋಡಾ ಬಾಟಲಿ ತಳದಂಥ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಮಿಷನ್ ರೂಮಿಗೆ ಬಂದು, ಡಬ್ಬಿಗಳ ಮೇಲಿನ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಒಂದೂ ತಪ್ಪಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಾಲೀಕರು ತಲೆಯಾಡಿಸಿ ಹೊರಟುಹೋದರು. ಆಪರೇಟರು ನನ್ನನ್ನು ಪಕ್ಕಕ್ಕೆ ತಳ್ಳಿ, ನಾನು ಎಣ್ಣೆ ಹಾಕದೆ ಬಿಟ್ಟ ಜಾಗಗಳನ್ನೆಲ್ಲ ತೋರಿಸಿ ಮನಸಾರೆ ಬೈದರು.

ಮೈಕನ್ನು ನಾನು ತೆಗೆದುಕೊಳ್ಳಲಿಲ್ಲ. "ನೀನೇ ಯೋಳಣ್ಣ ಇನ್ಮೇಲೆ. ಜನ ನಿನ್ನನ್ನೇ ಕೇಳ್ತಾವ್ರೆ. ಮಿಷನ್ನೂ ನೀನೇ ನೋಡ್ಕೊ, ನಾನು ಜೀಪಲ್ಲಿ ಕೂಗ್ಕಂಡಿರ್ತೀನಿ" ಎಂದೆ. ಮನಸ್ಸಿನಿಂದಲೇ ಹೇಳಿದ್ದು.

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಬ್ಯಾಡ ಕಣ್ಲಾ" ಎಂದರು. "ನಂಗೆ ಗೊತ್ತಿದ್ದುದ್ದು ಒಂದೇ ಕತೆ. ಯೋಳ್ಬುಟ್ಟೆ."